ಸುಮ್ಮನಿರುವ ಬೇರಿಯಂಗೆ ಕೆಲಸ ಕೊಡುವುದು: ರಾಸಾಯನಿಕ ಬಂಧದ ತಿಳಿವಿನಿಂದ ಬಹುಕಾರ್ಯ ವಸ್ತುಗಳ ಯೋಜನೆ

ಪ್ರಶ್ನೆ: ನಾನು ಘನಸ್ಥಿತಿ ರಸಾಯನಶಾಸ್ತ್ರದಲ್ಲಿ ಈಗಷ್ಟೇ ಸಂಶೋಧನೆ ಆರಂಭಿಸಿರುವ ವಿದ್ಯಾರ್ಥಿನಿ. ಪದವಿ ತರಗತಿಯಲ್ಲಿ ಅಯಾನಿಕ, ಸಹವೇಲೆನ್ಸೀಯ ಮತ್ತು ಲೋಹೀಯ ಬಂಧಗಳನ್ನು ಬೇರೆ ಬೇರೆ ಅಧ್ಯಾಯಗಳಲ್ಲಿ ಓದಿದ್ದೇನೆ. ಈಗ ಓದುತ್ತಿರುವ ಸಂಶೋಧನಾ ಲೇಖನಗಳಲ್ಲಿ "ಬಂಧದ ತತ್ತ್ವಗಳನ್ನು ಬಳಸಿ ಬಹುಕಾರ್ಯ ವಸ್ತುವನ್ನು ವಿನ್ಯಾಸಗೊಳಿಸಲಾಯಿತು" ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ವಸ್ತು ಮೊದಲು ಸಿಕ್ಕಿತು, ವಿವರಣೆ ಆಮೇಲೆ ಹುಟ್ಟಿತು ಎಂಬ ಅನುಮಾನ ನನಗೆ. ಬಂಧದ ತಿಳಿವಳಿಕೆಯಿಂದ ನಿಜಕ್ಕೂ ಮುಂಚಿತವಾಗಿ ಒಂದು ವಸ್ತುವನ್ನು ಯೋಜಿಸಲು ಸಾಧ್ಯವೇ? ಸಾಧ್ಯವಾದರೆ ಎಲ್ಲಿಂದ ಆರಂಭಿಸಬೇಕು?

ಉತ್ತರ: ನಿಮ್ಮ ಅನುಮಾನ ನ್ಯಾಯವಾದದ್ದು. ಕುಲುಮೆಯಿಂದ ಹೊರಬಂದ ಪುಡಿಯಲ್ಲಿ ಏನೋ ಒಂದು ಒಳ್ಳೆಯ ಗುಣ ಕಂಡ ಮೇಲೆ, ಅದಕ್ಕೆ ಒಪ್ಪುವ ಬಂಧದ ಕಥೆಯನ್ನು ಹೊಂದಿಸಿ ಬರೆದ ಲೇಖನಗಳು ಬೇಕಾದಷ್ಟಿವೆ. ಆದರೆ ಬಂಧದ ವಿಚಾರದಿಂದ ಮೊದಲು ಊಹಿಸಿ, ಅದನ್ನು ಬರೆದು ಪ್ರಕಟಿಸಿ, ವರ್ಷಗಳ ನಂತರ ವಸ್ತುವನ್ನು ತಯಾರಿಸಿ ಅಳೆದಾಗ ಊಹೆ ಸರಿಯೆಂದು ಕಂಡ ಉದಾಹರಣೆಗಳೂ ಇವೆ. ಅಂಥ ಎರಡನ್ನು ಮುಂದೆ ವರ್ಷಗಳ ಸಮೇತ ಹೇಳುತ್ತೇನೆ. ಅದಕ್ಕೂ ಮೊದಲು, ಬಹುಕಾರ್ಯ ವಸ್ತುವೊಂದನ್ನು, ಅಂದರೆ ಒಂದಕ್ಕಿಂತ ಹೆಚ್ಚು ಗುಣಗಳನ್ನು ಒಟ್ಟಿಗೆ ಹೊತ್ತ ವಸ್ತುವನ್ನು, ರೂಪಿಸುವುದು ಏಕೆ ಕಷ್ಟ ಎಂಬುದನ್ನು ಬಂಧದ ಭಾಷೆಯಲ್ಲೇ ಸ್ಪಷ್ಟಪಡಿಸಿಕೊಳ್ಳೋಣ, ಏಕೆಂದರೆ ಯೋಜನೆಯ ದಾರಿ ಆ ಕಷ್ಟದೊಳಗೇ ಇದೆ.

ಒಂದು ಗುಣವನ್ನು ಪಡೆಯುವುದು ಅಷ್ಟು ಕಷ್ಟವಲ್ಲ. ವಿದ್ಯುತ್ ಹರಿಯಬೇಕೆಂದರೆ ಲೋಹವಿದೆ, ಬೆಳಕು ದಾಟಬೇಕೆಂದರೆ ಗಾಜಿದೆ, ಕಾಂತತ್ವ ಬೇಕೆಂದರೆ ಕಬ್ಬಿಣವಿದೆ. ತೊಡಕು ಹುಟ್ಟುವುದು ಎರಡು ಗುಣಗಳು ಒಂದೇ ಹರಳಿನಲ್ಲಿ ಬೇಕಾದಾಗ, ಆ ಎರಡೂ ಗುಣಗಳು ಒಂದೇ ಗುಂಪಿನ ಎಲೆಕ್ಟ್ರಾನ್‌ಗಳಿಂದ ಪರಸ್ಪರ ವಿರುದ್ಧವಾದುದನ್ನು ಬೇಡಿದಾಗ. ಆದ್ದರಿಂದ ನಾನು ನನ್ನ ವಿದ್ಯಾರ್ಥಿಗಳಿಗೆ ಕೇಳಿಸುವ ಮೊದಲ ಪ್ರಶ್ನೆ "ಈ ಬಂಧ ಅಯಾನಿಕವೋ ಸಹವೇಲೆನ್ಸೀಯವೋ" ಎಂಬುದಲ್ಲ. "ಈ ಗುಣವನ್ನು ಯಾವ ಪರಮಾಣುವಿನ ಯಾವ ಎಲೆಕ್ಟ್ರಾನ್‌ಗಳು ನಿರ್ವಹಿಸುತ್ತಿವೆ, ಮತ್ತು ಹರಳಿನಲ್ಲಿ ಕೆಲಸವಿಲ್ಲದೆ ಇರುವವರು ಯಾರು" ಎಂಬುದು. ಯೋಜನೆಯೆಂದರೆ ಬಹುಮಟ್ಟಿಗೆ ಈ ಕೆಲಸ ಹಂಚಿಕೆಯೇ.

ಬೇರಿಯಂ ಟೈಟನೇಟನ್ನು ತೆಗೆದುಕೊಳ್ಳಿ. ಪೆರೋವ್‌ಸ್ಕೈಟ್ ರಚನೆಯ (ಒಂದು ಸ್ಥಾನದಲ್ಲಿ ದೊಡ್ಡ ಲೋಹ ಅಯಾನು, ಇನ್ನೊಂದರಲ್ಲಿ ಆರು ಆಕ್ಸಿಜನ್‌ಗಳ ನಡುವೆ ಸಣ್ಣ ಲೋಹ ಅಯಾನು ಇರುವ ಜೋಡಣೆಯ) ಈ ಆಕ್ಸೈಡಿನಲ್ಲಿ ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಟೈಟಾನಿಯಂ ಅಯಾನು ತನ್ನ ಸುತ್ತಲಿನ ಆರು ಆಕ್ಸಿಜನ್‌ಗಳ ನಡುಬಿಂದುವಿನಿಂದ ತುಸು ಸರಿದು ನಿಲ್ಲುತ್ತದೆ. ಆ ಸರಿತವೇ ಹರಳಿಗೆ ತಾನಾಗಿಯೇ ಇರುವ ವಿದ್ಯುತ್ ಧ್ರುವೀಕರಣವನ್ನು ಕೊಡುತ್ತದೆ. ಹೊರಗಿನ ವಿದ್ಯುತ್ ಕ್ಷೇತ್ರದಿಂದ ಅದರ ದಿಕ್ಕನ್ನು ತಿರುಗಿಸಬಹುದಾದ್ದರಿಂದ ಇದು ಫೆರೋಎಲೆಕ್ಟ್ರಿಕ್. ಈಗ ಪ್ರಶ್ನೆ, ಟೈಟಾನಿಯಂ ಏಕೆ ಸರಿಯಬೇಕು? ಎಲ್ಲವೂ ಶುದ್ಧ ಅಯಾನಿಕವಾಗಿದ್ದು, ಅಯಾನುಗಳು ತುಂಬಿದ ಕವಚದ ಗಟ್ಟಿ ಗೋಲಿಗಳಂತೆ ಇದ್ದಿದ್ದರೆ, ಅವುಗಳ ನಡುವಿನ ಹತ್ತಿರದ ವಿಕರ್ಷಣೆ ಟೈಟಾನಿಯಂ ಅನ್ನು ನಟ್ಟನಡುವೆಯೇ ಹಿಡಿದಿಡುತ್ತಿತ್ತು. 1992ರಲ್ಲಿ ರೊನಾಲ್ಡ್ ಕೋಹೆನ್ ತಮ್ಮ ಲೆಕ್ಕಾಚಾರದಿಂದ ತೋರಿಸಿದ್ದು ಇದನ್ನೇ: ಟೈಟಾನಿಯಂನ ಖಾಲಿ 3ಡಿ ಕಕ್ಷಕಗಳು (ಎಲೆಕ್ಟ್ರಾನ್‌ಗಳು ನೆಲೆಸುವ ವಲಯಗಳು) ಆಕ್ಸಿಜನ್ನಿನ ತುಂಬಿದ 2ಪಿ ಕಕ್ಷಕಗಳೊಂದಿಗೆ ಬೆರೆಯುವುದರಿಂದ ಆ ವಿಕರ್ಷಣೆ ಮೆತ್ತಗಾಗುತ್ತದೆ, ಒಂದು ಕಡೆಯ ಆಕ್ಸಿಜನ್ನಿಗೆ ಹತ್ತಿರವಾದಷ್ಟೂ ಶಕ್ತಿ ಲಾಭವಾಗುತ್ತದೆ. ಅಯಾನಿಕವೆಂದು ನಾವು ಹಣೆಪಟ್ಟಿ ಹಚ್ಚಿದ ಹರಳಿನೊಳಗೆ ಅಡಗಿದ್ದ ಸಹವೇಲೆನ್ಸಿಯೇ ಆ ಗುಣದ ಮೂಲ. ಇಲ್ಲಿ ಮುಖ್ಯವಾದ ಮಾತು, ಡಿ ಕಕ್ಷಕ ಖಾಲಿ ಇದ್ದುದರಿಂದಲೇ ಇದು ಸಾಧ್ಯವಾಯಿತು.

ಇದೇ ಹರಳಿಗೆ ಕಾಂತತ್ವವೂ ಬೇಕು ಎನ್ನಿ. ಪೆರೋವ್‌ಸ್ಕೈಟ್ ಆಕ್ಸೈಡುಗಳಲ್ಲಿ ಕಾಂತತ್ವ ಸಾಮಾನ್ಯವಾಗಿ ಬರುವುದು ಭಾಗಶಃ ತುಂಬಿದ ಡಿ ಕಕ್ಷಕಗಳ ಜೋಡಿಯಾಗದ ಎಲೆಕ್ಟ್ರಾನ್‌ಗಳಿಂದ. ಟೈಟಾನಿಯಂ ಜಾಗಕ್ಕೆ ಕಬ್ಬಿಣವನ್ನೋ ಮ್ಯಾಂಗನೀಸನ್ನೋ ತಂದರೆ ಕಾಂತತ್ವ ಬರುತ್ತದೆ, ಆದರೆ ಖಾಲಿ ಡಿ ಕಕ್ಷಕವೆಂಬ ಷರತ್ತು ಮುರಿಯುತ್ತದೆ, ಸರಿಯುವ ಒಲವು ಕುಂದುತ್ತದೆ. ಒಂದೇ ಜಾಗ, ಒಂದೇ ಕಕ್ಷಕ. ಒಂದು ಗುಣ ಅದನ್ನು ಖಾಲಿ ಬಿಡು ಎನ್ನುತ್ತದೆ, ಇನ್ನೊಂದು ತುಂಬು ಎನ್ನುತ್ತದೆ. ಕಾಂತೀಯ ಫೆರೋಎಲೆಕ್ಟ್ರಿಕ್‌ಗಳು ಇಷ್ಟು ವಿರಳವೇಕೆ ಎಂಬ ಪ್ರಶ್ನೆಯನ್ನೇ ಶೀರ್ಷಿಕೆಯಾಗಿಟ್ಟು 2000ದಲ್ಲಿ ನಿಕೋಲಾ ಸ್ಪಾಲ್ಡಿನ್ ಬರೆದ ಲೇಖನ, ಆಗ ಅವರು ನಿಕೋಲಾ ಹಿಲ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದರು, ಈ ವಿರೋಧವನ್ನು ನೇರವಾಗಿ ಮುಂದಿಟ್ಟಿತು. ವಸ್ತುವಿಜ್ಞಾನದಲ್ಲಿ ಒಂದು ಕಷ್ಟವನ್ನು ಸರಿಯಾಗಿ ಹೆಸರಿಸುವುದೇ ಎಷ್ಟು ದೊಡ್ಡ ಕೆಲಸ ಎಂಬುದಕ್ಕೆ ನಾನು ಆ ಲೇಖನವನ್ನು ನೆನೆಯುತ್ತೇನೆ.

ಈಗ ಹರಳಿನಲ್ಲಿ ಕೆಲಸವಿಲ್ಲದೆ ಇರುವವರು ಯಾರೆಂದು ನೋಡಿ. ಬೇರಿಯಂ. ಅದು ತನ್ನ ಎರಡು ಎಲೆಕ್ಟ್ರಾನ್‌ಗಳನ್ನು ಕೊಟ್ಟು, ಜಾಗ ತುಂಬಿಕೊಂಡು, ಬಹುತೇಕ ಶುದ್ಧ ಅಯಾನಿಕವಾಗಿ ಸುಮ್ಮನಿದೆ. ಆ ಸ್ಥಾನಕ್ಕೆ ಸೀಸವನ್ನು ತಂದರೆ ಏನಾಗುತ್ತದೆ ಎಂಬುದು ಪ್ರಕೃತಿ ಕೊಟ್ಟ ಮೊದಲ ಸುಳಿವು: ಸೀಸದ 6ಎಸ್ ಒಂಟಿ ಜೋಡಿ ಎಲೆಕ್ಟ್ರಾನ್‌ಗಳೂ (ಅಯಾನಾದ ಮೇಲೂ ಅದು ತನ್ನಲ್ಲೇ ಉಳಿಸಿಕೊಂಡ ಎರಡು ಎಲೆಕ್ಟ್ರಾನ್‌ಗಳು) ಆಕ್ಸಿಜನ್ನಿನೊಂದಿಗೆ ಬಂಧದಲ್ಲಿ ಪಾಲುಗೊಳ್ಳುವುದರಿಂದ ಲೆಡ್ ಟೈಟನೇಟಿನಲ್ಲಿ ವಿರೂಪ ಇನ್ನಷ್ಟು ದೊಡ್ಡದಾಗುತ್ತದೆ, ಅದರ ಕ್ಯೂರಿ ತಾಪ (ತಾನಾಗಿಯೇ ಇರುವ ಧ್ರುವೀಕರಣ ಅಳಿಯುವ ತಾಪ) ಸುಮಾರು 490 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ. ಅಂದರೆ ಸರಿಯುವ ಕೆಲಸವನ್ನು ಆ ಸ್ಥಾನವೂ ಮಾಡಬಲ್ಲದು. ಹಾಗಿದ್ದರೆ ಆ ಕೆಲಸವನ್ನು ಪೂರ್ತಿಯಾಗಿ ಒಂಟಿ ಜೋಡಿಯಿರುವ ಅಯಾನಿಗೇ ಒಪ್ಪಿಸಿ, ಟೈಟಾನಿಯಂ ಸ್ಥಾನವನ್ನು ಕಾಂತತ್ವಕ್ಕೆ ಬಿಟ್ಟುಕೊಡಬಹುದಲ್ಲವೇ? ಬಿಸ್ಮತ್ ಫೆರೈಟಿನಲ್ಲಿ ಇರುವ ಏರ್ಪಾಡು ಸರಿಯಾಗಿ ಇದೇ. ಬಿಸ್ಮತ್ತಿನ ಒಂಟಿ ಜೋಡಿ ಒಂದು ಕಡೆಗೆ ಚಾಚಿ ಧ್ರುವೀಕರಣವನ್ನು ಕೊಡುತ್ತದೆ, ಕಬ್ಬಿಣದ ಐದು ಡಿ ಎಲೆಕ್ಟ್ರಾನ್‌ಗಳು ಕಾಂತತ್ವವನ್ನು ಕೊಡುತ್ತವೆ. ಎರಡು ಗುಣಗಳೂ ಕೋಣೆಯ ತಾಪಕ್ಕಿಂತ ಬಹಳ ಮೇಲಿನವರೆಗೆ ಉಳಿಯುತ್ತವೆ: ಧ್ರುವೀಕರಣ ಸುಮಾರು 1100 ಕೆಲ್ವಿನ್ ತನಕ, ಕಾಂತಕ್ರಮ ಸುಮಾರು 640 ಕೆಲ್ವಿನ್ ತನಕ. ಈ ಸಂಯುಕ್ತ ಹಿಂದಿನಿಂದಲೂ ಗೊತ್ತಿತ್ತು. ಆದರೆ ರಾಮಮೂರ್ತಿ ರಮೇಶ್ ಅವರ ತಂಡ 2003ರಲ್ಲಿ ಅದನ್ನು ಒಳ್ಳೆಯ ಗುಣಮಟ್ಟದ ತೆಳುಪದರವಾಗಿ ಬೆಳೆಸಿ ದೊಡ್ಡ ಧ್ರುವೀಕರಣವನ್ನು ಅಳೆದು ತೋರಿಸಿದ ಮೇಲೆ ಈ ಕ್ಷೇತ್ರ ಹೊಸದಾಗಿ ಚಿಗುರಿತು.

ನೀವು ಇಲ್ಲಿ ಒಂದು ಆಕ್ಷೇಪ ಎತ್ತಬಹುದು, ಎತ್ತಬೇಕು ಕೂಡ: ಬಿಸ್ಮತ್ ಫೆರೈಟ್ ಮೊದಲೇ ಇತ್ತು, ವಿವರಣೆ ಆಮೇಲೆ ಬಂತು. ಒಪ್ಪುತ್ತೇನೆ. ಆದ್ದರಿಂದಲೇ ಯುರೋಪಿಯಂ ಟೈಟನೇಟಿನ ಉದಾಹರಣೆ ನನಗೆ ಹೆಚ್ಚು ಪ್ರಿಯ. ಇಲ್ಲಿ ಹಂಚಿಕೆ ತಿರುಗುಮುರುಗು. ಟೈಟಾನಿಯಂ ತನ್ನ ಖಾಲಿ ಡಿ ಕಕ್ಷಕದೊಂದಿಗೆ ಸರಿಯುವ ಕೆಲಸವನ್ನು ಉಳಿಸಿಕೊಳ್ಳುತ್ತದೆ. ಬೇರಿಯಂ ಜಾಗಕ್ಕೆ ಬಂದ ಯುರೋಪಿಯಂ ತನ್ನ ಏಳು 4ಎಫ್ ಎಲೆಕ್ಟ್ರಾನ್‌ಗಳಿಂದ ಕಾಂತತ್ವವನ್ನು ಹೊತ್ತು ತರುತ್ತದೆ. ತನ್ನ ಸಹಜ ಸ್ಥಿತಿಯಲ್ಲಿ ಈ ವಸ್ತು ಫೆರೋಎಲೆಕ್ಟ್ರಿಕ್ಕೂ ಅಲ್ಲ, ಫೆರೋಕಾಂತವೂ ಅಲ್ಲ. ಎರಡರ ಹೊಸ್ತಿಲಲ್ಲಿ ನಿಂತಿದೆ. ಹರಳನ್ನು ಸ್ವಲ್ಪ ಹಿಗ್ಗಿಸಿದರೆ ಅದು ಎರಡೂ ಹೊಸ್ತಿಲುಗಳನ್ನು ಒಟ್ಟಿಗೇ ದಾಟುತ್ತದೆ ಎಂದು ಕ್ರೇಗ್ ಫೆನ್ನಿ ಮತ್ತು ಕರಿನ್ ರಾಬೆ 2006ರಲ್ಲಿ ಲೆಕ್ಕ ಹಾಕಿ ಪ್ರಕಟಿಸಿದರು. 2010ರಲ್ಲಿ, ತುಸು ದೊಡ್ಡ ಅಂತರದ ಜಾಲವಿರುವ ಡಿಸ್ಪ್ರೋಸಿಯಂ ಸ್ಕ್ಯಾಂಡೇಟ್ ಹರಳಿನ ಮೇಲೆ ತೆಳುಪದರವನ್ನು ಬೆಳೆಸಿ, ಶೇಕಡಾ 1ಕ್ಕಿಂತ ಸ್ವಲ್ಪ ಹೆಚ್ಚು ಹಿಗ್ಗಿಸಿದಾಗ, ಊಹೆ ನಿಜವೆಂದು ಪ್ರಯೋಗದಲ್ಲಿ ಕಂಡಿತು. ಕಾಂತತ್ವ ಸುಮಾರು 4 ಕೆಲ್ವಿನ್‌ನಲ್ಲಷ್ಟೇ ಹುಟ್ಟುವುದರಿಂದ ಇದರಿಂದ ಉಪಕರಣ ಮಾಡಲಾಗದು. ಆದರೆ ನಿಮ್ಮ ಪ್ರಶ್ನೆಗೆ ಬೇಕಾದುದು ಇಲ್ಲಿದೆ: ಮೊದಲು ಬರಹ, ಆಮೇಲೆ ಹರಳು.

ಕೆಲಸ ಹಂಚಿಕೆಗೆ ಒಂದು ಬೆಲೆಯಿದೆ, ಅದನ್ನು ಮುಚ್ಚಿಡಬಾರದು. ಬಿಸ್ಮತ್ ಫೆರೈಟಿನಲ್ಲಿ ಧ್ರುವೀಕರಣ ಒಂದು ಅಯಾನಿನದು, ಕಾಂತತ್ವ ಇನ್ನೊಂದರದು. ಆದ್ದರಿಂದ ಒಂದನ್ನು ತಿರುಗಿಸಿದಾಗ ಇನ್ನೊಂದು ತಿರುಗುವ ಒತ್ತಾಯ ಕಡಿಮೆ. ಮೇಲಾಗಿ ಅಲ್ಲಿ ನೆರೆಹೊರೆಯ ಕಬ್ಬಿಣಗಳ ಕಾಂತತ್ವಗಳು ಎದುರುಬದುರಾಗಿ ನಿಂತು ಬಹುತೇಕ ಪರಸ್ಪರ ಅಳಿಸಿಹೋಗುತ್ತವೆ. ಇದಕ್ಕೆ ಪ್ರತಿಯಾಗಿ, 2003ರಲ್ಲೇ ಟ್ಸುಯೋಶಿ ಕಿಮುರಾ ಮತ್ತು ಸಂಗಡಿಗರು ವರದಿ ಮಾಡಿದ ಟರ್ಬಿಯಂ ಮ್ಯಾಂಗನೈಟಿನಲ್ಲಿ ಧ್ರುವೀಕರಣ ಹುಟ್ಟುವುದೇ ಕಾಂತತ್ವಗಳ ಸುರುಳಿ ಜೋಡಣೆಯಿಂದ; ಅಲ್ಲಿ ಎರಡೂ ಬಿಡಿಸಲಾಗದಂತೆ ಹೆಣೆದಿವೆ. ಆದರೆ ಆ ಧ್ರುವೀಕರಣ ಬೇರಿಯಂ ಟೈಟನೇಟಿನದಕ್ಕಿಂತ ನೂರಾರು ಪಟ್ಟು ಸಣ್ಣದು, ಸುಮಾರು 28 ಕೆಲ್ವಿನ್‌ಗಿಂತ ಕೆಳಗೆ ಮಾತ್ರ ಇರುತ್ತದೆ. ಕೆಲಸಗಳನ್ನು ಬೇರ್ಪಡಿಸಿದಷ್ಟೂ ಒಂದೊಂದೂ ಬಲವಾಗುತ್ತದೆ, ಅವುಗಳ ನಡುವಿನ ಮಾತುಕತೆ ಕ್ಷೀಣಿಸುತ್ತದೆ. ನಿಮಗೆ ಬೇಕಾದುದು ಎರಡು ಬಲವಾದ ಗುಣಗಳೋ, ಅಥವಾ ಒಂದು ಇನ್ನೊಂದನ್ನು ನಿಯಂತ್ರಿಸುವುದೋ ಎಂಬುದನ್ನು ಆರಂಭದಲ್ಲೇ ತೀರ್ಮಾನಿಸಿಕೊಳ್ಳಿ. ಬಹುಕಾರ್ಯ ಎಂಬ ಒಂದೇ ಪದ ಈ ಎರಡನ್ನೂ ಮುಚ್ಚಿಕೊಂಡು ಕುಳಿತಿದೆ.

ಎರಡನೆಯ ಉದಾಹರಣೆ ಪಾರದರ್ಶಕ ವಾಹಕಗಳದು. ಬೆಳಕು ದಾಟಬೇಕಾದರೆ ಬ್ಯಾಂಡ್ ಗ್ಯಾಪ್, ಅಂದರೆ ತುಂಬಿದ ಮತ್ತು ಖಾಲಿ ಶಕ್ತಿಮಟ್ಟಗಳ ನಡುವಿನ ಅಂತರ, ಸುಮಾರು 3.1 ಎಲೆಕ್ಟ್ರಾನ್ ವೋಲ್ಟಿಗಿಂತ ದೊಡ್ಡದಿರಬೇಕು; ಅಷ್ಟು ದೊಡ್ಡ ಗ್ಯಾಪ್ ಇರುವ ಆಕ್ಸೈಡುಗಳು ಸಾಮಾನ್ಯವಾಗಿ ಅವಾಹಕಗಳು. ಇದರ ಜೊತೆಗೆ ಪದರ ಬಾಗುವ ಪ್ಲಾಸ್ಟಿಕ್ ಮೇಲೆ ಕಡಿಮೆ ತಾಪದಲ್ಲಿ ಕೂರಬೇಕೆಂದರೆ ಅದು ಅಸ್ಫಟಿಕವಾಗಿರಬೇಕು, ಅಂದರೆ ಪರಮಾಣುಗಳ ಜೋಡಣೆಯಲ್ಲಿ ದೂರದ ಕ್ರಮವಿರಬಾರದು. ಸಿಲಿಕಾನಿನಲ್ಲಿ ಇದು ದೊಡ್ಡ ನಷ್ಟ, ಏಕೆಂದರೆ ಅಲ್ಲಿ ಎಲೆಕ್ಟ್ರಾನ್ ಹರಿಯುವ ದಾರಿ ದಿಕ್ಕುಳ್ಳ ಮಿಶ್ರಕಕ್ಷಕಗಳ ಮೇಲೆ ನಿಂತಿದೆ. ಕೋನ ತಪ್ಪಿದರೆ ಅತಿವ್ಯಾಪನ, ಅಂದರೆ ಕಕ್ಷಕಗಳು ಒಂದರ ಮೇಲೊಂದು ಹಾಯುವುದು, ಕುಸಿಯುತ್ತದೆ. ಹಿಡಿಯೋ ಹೊಸೋನೊ ಮತ್ತು ಸಂಗಡಿಗರು 1996ರಲ್ಲಿ ಮುಂದಿಟ್ಟ ವಿಚಾರ ಬಹಳ ಸರಳ: ಇಂಡಿಯಂನಂಥ ಭಾರ ಲೋಹದ ಅಯಾನುಗಳಲ್ಲಿ ಹೊರಗಿನ ಖಾಲಿ ಎಸ್ ಕಕ್ಷಕ ದೊಡ್ಡದು, ಗೋಳಾಕಾರದ್ದು, ಗೋಳಕ್ಕೆ ದಿಕ್ಕಿಲ್ಲ. ಪಕ್ಕಪಕ್ಕದ ಲೋಹ ಅಯಾನುಗಳ ಎಸ್ ಕಕ್ಷಕಗಳು, ನಡುವೆ ಆಕ್ಸಿಜನ್ ಇದ್ದರೂ, ಕೋನ ಹೇಗೇ ಇರಲಿ, ಒಂದನ್ನೊಂದು ತಲುಪುತ್ತವೆ. ಹಾಗಾಗಿ ಕ್ರಮ ಕೆಟ್ಟರೂ ಎಲೆಕ್ಟ್ರಾನಿನ ದಾರಿ ಕೆಡಬಾರದು. 2004ರಲ್ಲಿ ಅದೇ ತಂಡ ಇಂಡಿಯಂ, ಗ್ಯಾಲಿಯಂ, ಸತುವಿನ ಅಸ್ಫಟಿಕ ಆಕ್ಸೈಡಿನಿಂದ ಬಾಗುವ ಪಾರದರ್ಶಕ ಟ್ರಾನ್ಸಿಸ್ಟರನ್ನು ಮಾಡಿ ತೋರಿಸಿತು. ಎಲೆಕ್ಟ್ರಾನಿನ ಚಲನಶೀಲತೆ ಅಸ್ಫಟಿಕ ಸಿಲಿಕಾನಿನದಕ್ಕಿಂತ ಹತ್ತು ಪಟ್ಟಿನ ಆಸುಪಾಸಿನಷ್ಟು ಹೆಚ್ಚು. ಇಂದು ಅನೇಕ ಪರದೆಗಳ ಹಿಂದೆ ಇರುವುದು ಈ ವಸ್ತುವೇ. ಇಲ್ಲಿ ಗಟ್ಟಿತನ ತುಂಬಿದ ಕಕ್ಷಕಗಳ ಬಂಧದ್ದು, ಹರಿವು ಖಾಲಿ ಕಕ್ಷಕಗಳದ್ದು. ಹಂಚಿಕೆ ಪರಮಾಣುಗಳ ನಡುವೆ ಅಲ್ಲ, ಶಕ್ತಿಯ ಮಟ್ಟಗಳ ನಡುವೆ ಆಗಿದೆ.

ತಾಪವಿದ್ಯುತ್ ವಸ್ತುಗಳಲ್ಲಿ ಈ ಹಂಚಿಕೆ ಇನ್ನೂ ಸೂಕ್ಷ್ಮ. ಬಿಸಿಯ ವ್ಯತ್ಯಾಸದಿಂದ ವಿದ್ಯುತ್ ಪಡೆಯುವ ಈ ವಸ್ತು ವಿದ್ಯುತ್ತನ್ನು ಚೆನ್ನಾಗಿ ಹರಿಸಬೇಕು, ಶಾಖವನ್ನು ಹರಿಸಬಾರದು. ಎಲೆಕ್ಟ್ರಾನ್‌ಗಳೇ ಸ್ವಲ್ಪ ಶಾಖವನ್ನು ಹೊರುವುದರಿಂದ ಆ ಪಾಲನ್ನು ಬೇರ್ಪಡಿಸಲಾಗದು. ಆದರೆ ಹರಳಿನ ಕಂಪನಗಳು ಹೊರುವ ಪಾಲನ್ನು ತಗ್ಗಿಸಬಹುದು. ಅದಕ್ಕೆ ಪ್ರಚಲಿತ ದಾರಿ ಹರಳಿನೊಳಗೆ ಅಡೆತಡೆಗಳನ್ನು ತುಂಬುವುದು. ಬಂಧದ ದಾರಿ ಬೇರೆ. ಆಂಟಿಮನಿ, ತವರ, ಬಿಸ್ಮತ್‌ಗಳ ಒಂಟಿ ಜೋಡಿ ಬಂಧದಲ್ಲಿ ನೇರವಾಗಿ ಸೇರದೆ ಪಕ್ಕದಲ್ಲಿ ಇದ್ದುಕೊಂಡು, ಪರಮಾಣು ಅತ್ತಿತ್ತ ಅಲುಗಿದಾಗಲೆಲ್ಲ ಬಂಧದ ಬಿಗಿಯನ್ನು ಅಸಮವಾಗಿ ಬದಲಿಸುತ್ತದೆ. ಸ್ಪ್ರಿಂಗ್ ಒಂದು ಕಡೆಗೆ ಬಿಗಿ, ಇನ್ನೊಂದು ಕಡೆಗೆ ಸಡಿಲ ಎಂಬಂತೆ. ಇಂಥ ಅಸಮ ಕಂಪನಗಳು ಒಂದಕ್ಕೊಂದು ಡಿಕ್ಕಿಯಾಗಿ ಬೇಗ ಅಳಿಯುತ್ತವೆ, ಶಾಖ ದೂರ ಸಾಗದು. ಎಲೆಕ್ಟ್ರಾನ್ ಹರಿಯುವ ಪಿ ಕಕ್ಷಕಗಳ ಸಾಲು ಮಾತ್ರ ಹಾಗೇ ಉಳಿಯುತ್ತದೆ. 2014ರಲ್ಲಿ ಮರ್ಕೌರಿ ಕನಟ್ಜಿಡಿಸ್ ಅವರ ತಂಡ ತವರ ಸೆಲೆನೈಡಿನ ಒಂಟಿ ಹರಳಿನಲ್ಲಿ 923 ಕೆಲ್ವಿನ್‌ನಲ್ಲಿ 2.6ರ ಅರ್ಹತಾಂಕವನ್ನು (ಶಾಖವನ್ನು ವಿದ್ಯುತ್ತಾಗಿಸುವಲ್ಲಿ ವಸ್ತು ಎಷ್ಟು ಒಳ್ಳೆಯದೆಂದು ಹೇಳುವ ಅಂಕ) ವರದಿ ಮಾಡಿದಾಗ ಎಲ್ಲರ ಗಮನ ಇತ್ತ ಹರಿಯಿತು, ಏಕೆಂದರೆ ಬಹುಕಾಲ 1ರ ಸುತ್ತಮುತ್ತ ನಿಂತಿದ್ದ ಅಂಕವದು. ಆದರೆ ಅದೇ ವಸ್ತುವಿನ ಬಹುಹರಳು ರೂಪ ವರ್ಷಗಟ್ಟಲೆ ನಿರಾಶೆ ಮಾಡಿತು. ಕಾರಣ ಬಂಧದ ಚಿತ್ರದಲ್ಲಿ ಇರಲಿಲ್ಲ: ಕಣಗಳ ಮೇಲ್ಮೈಯಲ್ಲಿ ತೆಳ್ಳಗೆ ಕೂತಿದ್ದ ತವರದ ಆಕ್ಸೈಡ್ ಶಾಖವನ್ನು ಸರಾಗವಾಗಿ ಸಾಗಿಸುತ್ತಿತ್ತು. ಅದನ್ನು ತೆಗೆದುಹಾಕಿದ ಮೇಲೆ, 2021ರಲ್ಲಿ, ಬಹುಹರಳು ಮಾದರಿಯಲ್ಲೇ ಸುಮಾರು 3.1ರ ಅಂಕ ವರದಿಯಾಯಿತು. ಮಾದರಿ ಅಶುದ್ಧವಾಗಿದ್ದರೆ ಸರಿಯಾದ ತತ್ತ್ವವೂ ಸುಳ್ಳಾಗಿ ಕಾಣುತ್ತದೆ ಎಂಬುದನ್ನು ಪ್ರಯೋಗಾಲಯಕ್ಕೆ ಕಾಲಿಡುತ್ತಿರುವ ನೀವು ನೆನಪಿನಲ್ಲಿಡಬೇಕು.

ಹಂಚಿಕೆಯನ್ನು ಪದರಗಳ ನಡುವೆಯೂ ಮಾಡಬಹುದು. ಟೈಟಾನಿಯಂ ಸಿಲಿಕಾನ್ ಕಾರ್ಬೈಡಿನಲ್ಲಿ ಟೈಟಾನಿಯಂ ಮತ್ತು ಇಂಗಾಲದ ಬಂಧ ಬಲವಾದದ್ದು, ಸಿಲಿಕಾನ್ ಪದರದೊಂದಿಗಿನ ಬಂಧ ದುರ್ಬಲ; ಆದ್ದರಿಂದ ಅದು ಪಿಂಗಾಣಿಯಂತೆ ಬಿಸಿ ತಡೆಯುತ್ತದೆ, ಲೋಹದಂತೆ ವಿದ್ಯುತ್ ಹರಿಸುತ್ತದೆ, ಸಾಮಾನ್ಯ ಉಪಕರಣಗಳಿಂದ ಕೊರೆಯಲು ಬರುತ್ತದೆ. ಇದೇ ಕುಟುಂಬದ ಅಲ್ಯುಮಿನಿಯಂ ಸಂಯುಕ್ತದಲ್ಲಿ ಆ ದುರ್ಬಲ ಪದರವನ್ನೇ ಹೈಡ್ರೋಫ್ಲೋರಿಕ್ ಆಮ್ಲದಿಂದ ಕರಗಿಸಿ ತೆಗೆದಾಗ 2011ರಲ್ಲಿ ಎಂಕ್ಸೀನ್ ಎಂಬ ಹೊಸ ಹಾಳೆಗಳು ದೊರೆತವು. ಬಂಧಗಳ ಬಲದ ಅಂತರವನ್ನು ಓದಬಲ್ಲವರಿಗೆ ದುರ್ಬಲ ಬಂಧವೇ ಬಾಗಿಲಾಗುತ್ತದೆ.

ಲೋಹ ಮತ್ತು ಸಾವಯವ ಅಣುಗಳನ್ನು ಸಮನ್ವಯ ಬಂಧಗಳಿಂದ ಹೆಣೆದು ಮಾಡುವ ರಂಧ್ರಮಯ ಚೌಕಟ್ಟುಗಳಿಗೆ 2025ರ ರಸಾಯನಶಾಸ್ತ್ರದ ನೊಬೆಲ್ ಸಂದಿರುವುದರಿಂದ ನೀವು ಅವುಗಳ ಬಗ್ಗೆ ಓದಿಯೇ ಇರುತ್ತೀರಿ. ಅಲ್ಲಿನ ಒಂದು ಪಾಠ ಮಾತ್ರ ಹೇಳುತ್ತೇನೆ. 1999ರಲ್ಲಿ ಬಂದ ಎಂಒಎಫ್-5 ಎಂಬ ಇಂಥ ಚೌಕಟ್ಟಿನಲ್ಲಿ ಸತು ಮತ್ತು ಕಾರ್ಬಾಕ್ಸಿಲೇಟ್ ನಡುವಿನ ಬಂಧವನ್ನು ಗಾಳಿಯ ತೇವವೇ ಬಿಡಿಸಿಬಿಡುತ್ತದೆ. ಗಡಸು ಆಮ್ಲಗಳು (ಸಣ್ಣ, ಹೆಚ್ಚು ಆವೇಶದ ಲೋಹ ಅಯಾನುಗಳಂಥವು) ಗಡಸು ಪ್ರತ್ಯಾಮ್ಲಗಳನ್ನು (ಆಕ್ಸಿಜನ್ ಮೂಲಕ ಹಿಡಿಯುವ ಕಾರ್ಬಾಕ್ಸಿಲೇಟಿನಂಥವನ್ನು) ಬಿಗಿಯಾಗಿ ಹಿಡಿಯುತ್ತವೆ ಎಂಬ ರಾಲ್ಫ್ ಪಿಯರ್ಸನ್ ಅವರ 1963ರ ನಿಯಮವನ್ನು ನೆನೆದರೆ, ಅದೇ ಕಾರ್ಬಾಕ್ಸಿಲೇಟಿಗೆ ನಾಲ್ಕು ಧನಾವೇಶದ ಸಣ್ಣ ಜಿರ್ಕೋನಿಯಂ ಅಯಾನನ್ನು ಜೋಡಿಸಬೇಕೆಂದು ತಾನಾಗಿ ತೋಚುತ್ತದೆ. 2008ರಲ್ಲಿ ಬಂದ ಯುಐಒ-66 ಹಾಗೇ ಕಟ್ಟಿದ ಚೌಕಟ್ಟು. ನೀರಿನಲ್ಲೂ ಉಳಿಯುತ್ತದೆ, ಸುಮಾರು 500 ಡಿಗ್ರಿ ಸೆಲ್ಸಿಯಸ್ ತನಕ ತಾಳುತ್ತದೆ. ಬಂಧಗಳು ಎಷ್ಟು ಗಟ್ಟಿಯೆಂದರೆ ಕೆಲವು ಕೊಂಡಿಗಳು ತಪ್ಪಿಹೋದರೂ ಚೌಕಟ್ಟು ನಿಲ್ಲುತ್ತದೆ, ತೆರವಾದ ಆ ಜಾಗಗಳೇ ವೇಗವರ್ಧಕ ಕೇಂದ್ರಗಳಾಗುತ್ತವೆ.

ಇನ್ನು ಮಿತಿಗಳು. ಬಂಧದ ವಿಚಾರ ನಮಗೆ ಯಾವುದು ಬೇಕೆಂದು ಹೇಳುತ್ತದೆ. ಅದು ರೂಪುಗೊಳ್ಳುತ್ತದೆಯೇ ಎಂಬುದನ್ನು ಹೇಳುವುದು ಕಡಿಮೆ. ನಿಮ್ಮ ಕಾಗದದ ಮೇಲಿನ ಸಂಯುಕ್ತ ಕುಲುಮೆಯಲ್ಲಿ ಎರಡು ಸ್ಥಿರವಾದ ಸಂಯುಕ್ತಗಳಾಗಿ ಒಡೆಯಬಹುದು, ಹಾಗಾಗಿ ಅದರ ಶಕ್ತಿಯನ್ನು ಪೈಪೋಟಿಯ ಸಂಯುಕ್ತಗಳೊಂದಿಗೆ ಹೋಲಿಸಿ ನೋಡದೆ ಮುಂದುವರಿಯಬೇಡಿ. ಇನ್ನೊಂದು, ಗುಣವನ್ನು ಕೊಡುವ ಬಂಧವೇ ಕೆಲವೊಮ್ಮೆ ವಸ್ತುವಿನ ಬಾಳಿಕೆಯನ್ನು ಕಡಿಮೆ ಮಾಡುತ್ತದೆ. ಟ್ಯಾಂಟಲಂ ಆಕ್ಸೈಡಿನ ಬ್ಯಾಂಡ್ ಗ್ಯಾಪ್ ಸುಮಾರು 3.9 ಎಲೆಕ್ಟ್ರಾನ್ ವೋಲ್ಟ್. ಕೆಲವು ಆಕ್ಸಿಜನ್‌ಗಳ ಜಾಗಕ್ಕೆ ನೈಟ್ರೋಜನ್ ತಂದ ಆಕ್ಸಿನೈಟ್ರೈಡಿನಲ್ಲಿ ಅದು ಸುಮಾರು 2.5ಕ್ಕೆ ಇಳಿಯುತ್ತದೆ, ಏಕೆಂದರೆ ನೈಟ್ರೋಜನ್ನಿನ 2ಪಿ ಎಲೆಕ್ಟ್ರಾನ್‌ಗಳು ಆಕ್ಸಿಜನ್ನಿನವಕ್ಕಿಂತ ಮೇಲಿನ ಮಟ್ಟದಲ್ಲಿವೆ. ಹೀಗೆ ಗೋಚರ ಬೆಳಕನ್ನು ಹೀರಿ ನೀರನ್ನು ಒಡೆಯಬಲ್ಲ ವಸ್ತು ದೊರೆಯುತ್ತದೆ. ಆದರೆ ಸಡಿಲವಾಗಿ ಹಿಡಿದ ಎಲೆಕ್ಟ್ರಾನ್ ಸುಲಭವಾಗಿ ಕಳೆದುಹೋಗುತ್ತದೆ ಕೂಡ. ರಕ್ಷಣೆಯಿಲ್ಲದಿದ್ದರೆ ಬೆಳಕಿನಲ್ಲಿ ವಸ್ತುವೇ ಆಕ್ಸಿಡೀಕರಣಕ್ಕೆ ಒಳಗಾಗುತ್ತದೆ.

ಎಲ್ಲಿಂದ ಆರಂಭಿಸಬೇಕು ಎಂದು ಕೇಳಿದ್ದೀರಿ. ನಿಮ್ಮ ಪ್ರಯೋಗಾಲಯದಲ್ಲಿ ಈಗಾಗಲೇ ಚೆನ್ನಾಗಿ ಬರುವ, ಒಂದು ಗುಣವುಳ್ಳ ಒಂದು ಸಂಯುಕ್ತವನ್ನು ಆರಿಸಿ. ಅದರ ಪ್ರತಿ ಅಯಾನಿನ ಹೊರ ಕಕ್ಷಕಗಳನ್ನು ಶಕ್ತಿಯ ಕ್ರಮದಲ್ಲಿ ಕೈಯಿಂದಲೇ ಒಂದು ಹಾಳೆಯ ಮೇಲೆ ಬರೆಯಿರಿ, ಯಾವ ಮಟ್ಟ ತುಂಬಿದೆ, ಯಾವುದು ಖಾಲಿ ಎಂದು ಗುರುತಿಸಿ. ಆಮೇಲಷ್ಟೇ ಗಣಕದ ಮುಂದೆ ಕೂರಿ. ಬ್ಯಾಂಡ್ ಲೆಕ್ಕಾಚಾರದಿಂದ ಬರುವ ರೇಖೆಗಳನ್ನು ನೋಡಿ ತೃಪ್ತರಾಗದೆ, ರಿಚರ್ಡ್ ಡ್ರೋನ್‌ಸ್ಕೋವ್ಸ್ಕಿ ಮತ್ತು ಪೀಟರ್ ಬ್ಲೋಖ್ಲ್ 1993ರಲ್ಲಿ ಕೊಟ್ಟ ಸಿಒಎಚ್‌ಪಿ ವಿಶ್ಲೇಷಣೆಯನ್ನು ಕಲಿಯಿರಿ. ಪ್ರತಿ ಜೋಡಿ ಪರಮಾಣುಗಳ ನಡುವೆ ಯಾವ ಶಕ್ತಿಯಲ್ಲಿ ಬಂಧಕ, ಯಾವ ಶಕ್ತಿಯಲ್ಲಿ ಪ್ರತಿಬಂಧಕ ಪರಸ್ಪರತೆ ಇದೆ ಎಂದು ಅದು ಬಿಡಿಸಿ ತೋರಿಸುತ್ತದೆ. ಸುಮ್ಮನಿರುವ ಅಯಾನು ಯಾವುದೆಂದು ಅಲ್ಲಿ ಕಣ್ಣಿಗೆ ಕಾಣುತ್ತದೆ. ಆ ಅಯಾನಿನ ಗಾತ್ರ ಮತ್ತು ಆವೇಶಕ್ಕೆ ಹೊಂದುವ, ಆದರೆ ನಿಮಗೆ ಬೇಕಾದ ಎರಡನೆಯ ಗುಣದ ಎಲೆಕ್ಟ್ರಾನ್‌ಗಳನ್ನು ಹೊತ್ತ ಬದಲಿಗಳು ಆವರ್ತ ಕೋಷ್ಟಕದಲ್ಲಿ ಬಹಳ ಇರುವುದಿಲ್ಲ, ನಾಲ್ಕೋ ಐದೋ ಸಿಗುತ್ತವೆ.

ಮೊದಲ ಮಾದರಿಯನ್ನು ಕುಲುಮೆಗೆ ಇಡುವ ಮುನ್ನ, ಆ ನಾಲ್ಕೈದರಲ್ಲಿ ಯಾವುದರಲ್ಲಿ ಗುಣ ಹೆಚ್ಚಬೇಕು, ಯಾವುದರಲ್ಲಿ ಕುಗ್ಗಬೇಕು, ಯಾವ ಅಳತೆ ಬಂದರೆ ನಿಮ್ಮ ಬಂಧದ ಚಿತ್ರ ತಪ್ಪೆಂದು ಒಪ್ಪುತ್ತೀರಿ ಎಂಬುದನ್ನು ದಿನಾಂಕ ಹಾಕಿ ದಾಖಲೆ ಪುಸ್ತಕದಲ್ಲಿ ಬರೆದಿಡಿ. ಗುಣ ಕುಗ್ಗಬೇಕೆಂದು ನೀವು ಹೇಳುವ ಸಂಯುಕ್ತವನ್ನೂ ತಪ್ಪದೆ ತಯಾರಿಸಿ ಅಳೆಯಿರಿ. ವಿವರಣೆ ಆಮೇಲೆ ಹುಟ್ಟಿದ್ದೋ ಮೊದಲೇ ಇದ್ದದ್ದೋ ಎಂಬ ನಿಮ್ಮ ಪ್ರಶ್ನೆಗೆ, ಕನಿಷ್ಠ ನಿಮ್ಮದೇ ಕೆಲಸದ ಮಟ್ಟಿಗೆ, ಆ ಪುಟವೇ ಉತ್ತರ ಕೊಡುತ್ತದೆ.